ತೊಳೆಯಬಾರದಿದ್ದ ಕೆಸರು

ಮಳೆ ಜೋರಾದರೆ ಈಗಲೂ ನನ್ನ ಕಣ್ಣು ಮೊದಲು ಹೋಗುವುದು ಹಿತ್ತಿಲ ಬಾಗಿಲ ಹೊಸ್ತಿಲಿಗೆ. ಮಳೆ ನೋಡಿ ಹಾಡು ಕಟ್ಟುವವರು ಕಟ್ಟಲಿ, ನನ್ನ ಆಕ್ಷೇಪವಿಲ್ಲ. ನನಗೆ ಮಾತ್ರ ಅದರ ಸಪ್ಪಳ ಕೇಳಿದರೆ ಸುಸ್ತು. ಇಪ್ಪತ್ತು ವರ್ಷ ಒಂದೇ ಹೊಸ್ತಿಲನ್ನು ಕಾದವಳಿಗೆ ಇನ್ನೇನಾಗಬೇಕು.

ತೊಂಬತ್ತರ ದಶಕದಲ್ಲಿ ನಾವು ಶಿರಸಿ ಪೇಟೆಯ ಅಂಚಿನಲ್ಲಿ ಒಂದು ಸೈಟು ಕೊಂಡೆವು. ನನ್ನ ಗಂಡ ಸೊಸೈಟಿಯೊಂದರಲ್ಲಿ ಗುಮಾಸ್ತ, ನಾನು ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುವ ಅಕ್ಕೋರು. ಕಾನಸೂರಿನ ಕಡೆಯ ಅವರ ಮೂಲಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿತ್ತು. ಅತ್ತೆ ನಮ್ಮ ಜೊತೆ ಬರುತ್ತೇನೆಂದರು. ಅವರಿಗೊಂದು ಕೋಣೆ, ಒಂದು ಬಾವಿ, ಶುದ್ಧವಾದ ಅಡುಗೆಮನೆ ಬೇಕಿತ್ತು. ಅಷ್ಟಕ್ಕೆ ನಮ್ಮ ಕೈಗೆ ಎಟುಕಿದ್ದು ಹಳ್ಳದ ಪಕ್ಕದ ಗದ್ದೆಗೆ ಮಣ್ಣು ಹೊಡೆದು ಮಾಡಿದ ಜಾಗ.

ಸೈಟು ನೋಡಲು ಹೋದ ದಿನ ಗದ್ದೆ ಮಾರಿದವನ ತಾಯಿ ಅಲ್ಲೇ ಬದುವಿನ ಮೇಲೆ ಎಲೆಯಡಿಕೆ ಹಾಕುತ್ತ ಕೂತಿದ್ದಳು. ಆಯುಷ್ಯವೆಲ್ಲ ಆ ಗದ್ದೆಯಲ್ಲಿ ನಟ್ಟಿ ಮಾಡಿದವಳು. ನನ್ನನ್ನು ಕರೆದು, “ಅಕ್ಕೋರೆ, ಆರಿದ್ರಾ ಮಳೆ ಹಿಡದ್ರೆ ಹಳ್ಳದಿಂದ ಹತ್ತುಮೀನು ಇಲ್ಲೀತನಕ ಏರ್ತಾವೆ. ನಮ್ಮನೆಯವ್ರು ಕೂಣಿ ಇಡ್ತಿದ್ದದ್ದು ನೀವು ನಿಂತಲ್ಲೇ,” ಎಂದಳು. ಕೂಣಿ ಎಂದರೆ ಮೀನು ಹಿಡಿಯುವ ಬಿದಿರಿನ ಬುಟ್ಟಿ. ಮಳೆಗಾಲದ ಮೊದಲ ದೊಡ್ಡ ನೀರಿಗೆ ಮೀನುಗಳು ಮೊಟ್ಟೆ ಇಡಲು ಹಳ್ಳ ಬಿಟ್ಟು ಗದ್ದೆಗೆ ಹತ್ತುತ್ತವೆ.

ನಾವೋ, ಮೀನಿನ ಹೆಸರು ಕೇಳಿದರೆ ಸೆರಗು ಮೂಗಿಗೆ ಹಿಡಿಯುವ ಜನ. ನನ್ನ ಗಂಡ ನನ್ನ ಕಿವಿಯಲ್ಲಿ, “ಮೀನಿನ ಸುದ್ದಿ ಕಟ್ಕಂಡು ನಂಗಕ್ಕೆ ಎಂತ ಆಗವು?” ಎಂದರು. ನಾನು ನಕ್ಕೆ. ಆ ಮುದುಕಿಗೆ ನಮಗೆ ಸಾರಿನ ರುಚಿ ಹತ್ತಿಸುವ ಉದ್ದೇಶವಿರಲಿಲ್ಲ. ನೀನು ನಿಂತಲ್ಲಿ ನೀರು ಬರುತ್ತದೆ ಎಂದು ಅಷ್ಟು ಸ್ಪಷ್ಟವಾಗಿ ಹೇಳಿದ್ದಳು. ಮೀನು ತಿನ್ನುವವರಾಗಿದ್ದರೆ ನಮಗೆ ಆ ಕ್ಷಣವೇ ಅರ್ಥವಾಗುತ್ತಿತ್ತು. ವಾಸ್ತು ನೋಡಿಸಿದೆವು, ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಬಾವಿಗೆ ಜಾಗ ತೋರಿಸುವವನನ್ನೂ ಕರೆಸಿದೆವು. ಭೂಮಿಯೊಳಗಿನ ನೀರಿನ ಬಗ್ಗೆ ಅಷ್ಟು ಕೇಳಿದವರು ಭೂಮಿಯ ಮೇಲಿನ ನೀರಿನ ಬಗ್ಗೆ ಒಂದು ಮಾತು ಕೇಳಲಿಲ್ಲ.

ಮನೆಸಾಲ ಕೊಟ್ಟ ಬ್ಯಾಂಕಿನವರು ಒಂದಿಷ್ಟು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಅದರಲ್ಲಿ ಒಂದು ವಿಮೆಯದು. “ಬೆಂಕಿ ವಿಮೆ, ಸಾಲ ಇರೂತನಕ ನಾವೇ ಕಟ್ತಾ ಹೋಗ್ತೇವೆ,” ಎಂದರು. ಶಿರಸಿಯ ಮಳೆಯಲ್ಲಿ ಒಲೆಗೇ ಬೆಂಕಿ ಹತ್ತುವುದಿಲ್ಲ, ಇನ್ನು ಮನೆಗೆ ಹತ್ತುತ್ತದೆಯೇ ಎಂದು ನಾವು ತಮಾಷೆ ಮಾಡಿಕೊಂಡೇ ಮನೆಗೆ ಬಂದೆವು. ನೆರೆಯ ಯೋಚನೆ ಯಾರಿಗೂ ಬರಲಿಲ್ಲ. ನೆರೆ ಬರುವುದು ಘಟ್ಟದ ಕೆಳಗೆ, ಕುಮಟೆ ಹೊನ್ನಾವರದವರಿಗೆ. ಘಟ್ಟದ ಮೇಲಿನವರು ಅವರಿಗೆ ಹಳೆ ಬಟ್ಟೆ, ಅಕ್ಕಿ ಕಳಿಸಿಕೊಡುವವರು. ಯಲ್ಲಾಪುರದ ನನ್ನ ತವರಿನಲ್ಲೂ ಇದೇ ನಂಬಿಕೆ.

ಕೆಲವು ವರ್ಷ ಏನೂ ಆಗಲಿಲ್ಲ. ಅಷ್ಟರಲ್ಲಿ ನಮ್ಮ ಮೇಲಿನ ಗದ್ದೆಗಳೂ ಒಂದೊಂದಾಗಿ ಸೈಟಾದವು. ಮೊದಲು ಮಳೆನೀರು ಆ ಗದ್ದೆಗಳಲ್ಲಿ ನಿಂತು, ಇಂಗಿ, ನಿಧಾನಕ್ಕೆ ಹಳ್ಳಕ್ಕೆ ಹೋಗುತ್ತಿತ್ತು. ಈಗ ನಿಲ್ಲಲು ಜಾಗವಿಲ್ಲ. ಕೆಳಗೆ ರಸ್ತೆ ಎತ್ತರಿಸಿ, ಹಳ್ಳಕ್ಕೆ ಎರಡು ಪೈಪು ಹಾಕಿ ಮೋರಿ ಮಾಡಿದ್ದರು. ದಿನಾ ಅದನ್ನು ದಾಟಿಯೇ ಶಾಲೆಗೆ ಹೋಗುತ್ತಿದ್ದೆ. ಇಷ್ಟು ನೀರು ಬಂದು ಅಷ್ಟು ಮಾತ್ರ ಹೋದರೆ ಉಳಿದದ್ದು ಎಲ್ಲಿ ಎಂಬ ತೊಟ್ಟಿಯ ಲೆಕ್ಕವನ್ನು ಮಕ್ಕಳಿಗೆ ಪ್ರತಿ ವರ್ಷ ಬೋರ್ಡಿನ ಮೇಲೆ ಬಿಡಿಸಿದ್ದೇನೆ. ನನ್ನ ಮನೆಯ ಮುಂದೆ ಅದೇ ಲೆಕ್ಕ ಬಿದ್ದಿದ್ದು ಕಾಣಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷ. ಪುಷ್ಯ ಮಳೆ ಮೂರು ದಿನದಿಂದ ಬಿಟ್ಟಿರಲಿಲ್ಲ. ನಾನು ಎಂಟನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಶಾಲೆಗೆ ಫೋನು ಬಂತು. ಬಂದು ನೋಡಿದರೆ ಮೋರಿಗೆ ಕಸ, ಬಾಳೆಗಿಡ ಸಿಕ್ಕಿ, ಹಳ್ಳ ನಮ್ಮ ಅಂಗಳದಲ್ಲೇ ಹರಿಯುತ್ತಿತ್ತು. ಮನೆಯೊಳಗೆ ಕಿಟಕಿಯ ದಂಡೆಯವರೆಗೆ ಕೆಂಪು ನೀರು. ಅತ್ತೆ ಪಕ್ಕದ ಮನೆಯ ಮಹಡಿ ಮೇಲೆ, ದೇವರ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಂಜೆ ನೀರು ಇಳಿಯುವ ಹೊತ್ತಿಗೆ ಅಡುಗೆಮನೆಯ ಹಿಂದಿನ ಗೋಡೆ ಮಲಗಿತ್ತು, ನೆಲ ನಡುವೆ ಕುಸಿದಿತ್ತು, ಬಾಗಿಲುಗಳು ಉಬ್ಬಿ ನಿಂತಿದ್ದವು.

ಮರುದಿನ ಟ್ರಂಕಿನಿಂದ ವಿಮೆಯ ಕಾಗದ ತೆಗೆದು, ಶಾಲೆಯ ಡಿಕ್ಷನರಿ ಇಟ್ಟುಕೊಂಡು ಮೊದಲ ಸಲ ಓದಿದೆ. ಬೆಂಕಿ ವಿಮೆಯ ಹೊಟ್ಟೆಯೊಳಗೆ ಬಿರುಗಾಳಿ, ನೆರೆ, ನೀರು ನುಗ್ಗುವುದು ಎಲ್ಲವೂ ಸಣ್ಣ ಅಕ್ಷರದಲ್ಲಿ ಕೂತಿದ್ದವು. ಪಾತ್ರೆ, ಅಕ್ಕಿ, ಹಾಸಿಗೆಗೆ ಇಲ್ಲ, ಕಟ್ಟಡಕ್ಕೆ ಮಾತ್ರ. ಅಷ್ಟಾದರೂ ಇತ್ತಲ್ಲ ಎಂದು ಕುಣಿಯುವಷ್ಟು ಖುಷಿಯಾಯಿತು. ಗೋಡೆ ಎಬ್ಬಿಸಿ ನೆಲ ಮಾಡಿಸಲು ನಮ್ಮ ಬಳಿ ಬೇರೆ ದಾರಿ ಇರಲಿಲ್ಲ.

ಬ್ಯಾಂಕಿನವರು ನನ್ನ ಗಂಡನಿಗೆ, “ಸರ್ವೆಯರ್ ಬರ್ತಾರೆ, ಅಲ್ಲೀತನಕ ಎಲ್ಲ ಹೇಗಿದೆಯೋ ಹಾಗೇ ಇಡಿ,” ಎಂದಿದ್ದರು. ಆದರೆ ನಾಲ್ಕನೆಯ ದಿನ ಮಾವನವರ ತಿಥಿ. ಅತ್ತೆ ಹಾಗೇ ಇಡುವ ಮಾತು ಕೇಳಿ ನಮ್ಮಿಬ್ಬರ ಮುಖ ನೋಡಿದರು.

“ಕೆಸರಲ್ಲಿ ತಿಥಿ ಮಾಡ್ತ್ರ? ಅವು ಅಂಗಳದಿಂದ್ಲೇ ವಾಪಸ್ ಹೋಗ್ತ.”

‘ಅವು’ ಎಂದರೆ ತೀರಿಹೋದ ಮಾವನವರು. ತಿಥಿಯನ್ನು ಮುಂದಕ್ಕೆ ಹಾಕುವಂತಿಲ್ಲ. ಅದೂ ಅಲ್ಲದೆ ಹೊರಗಿನ ಮನುಷ್ಯ ಒಬ್ಬ ಮನೆ ನೋಡಲು ಬರುತ್ತಾನೆಂದರೆ ಮನೆ ಗುಡಿಸಿಡುವ ಜನ ನಾವು. ಹೊಲಸು ಹಾಗೇ ಇಟ್ಟುಕೊಂಡು ‘ಬನ್ನಿ ನೋಡಿ’ ಎನ್ನಲು ನಾಚಿಕೆಯಾಯಿತು. ನೀರು ಬಂದಿದ್ದು ಊರಿಗೆಲ್ಲ ಗೊತ್ತು, ಸುಳ್ಳಾಗುತ್ತದೆಯೇ ಎಂದು ನನ್ನ ಗಂಡನೇ ಹೇಳಿದರು. ಎರಡು ದಿನ ತೊಳೆದೆವು. ಬಿದ್ದ ಗೋಡೆಯ ಕಲ್ಲುಮಣ್ಣನ್ನು ಕುಸಿದ ನೆಲಕ್ಕೇ ತುಂಬಿ, ಮೇಲೆ ಸಗಣಿ ಸಾರಿಸಿದೆವು. ಗೋಡೆಗೆ ಕಿಟಕಿಯವರೆಗೆ ಸುಣ್ಣ ಹೊಡೆದೆವು. ಹಿಂದಿನ ಗೋಡೆ ಇದ್ದಲ್ಲಿ ಹೊಸ ಬಿದಿರಿನ ತಟ್ಟಿ ಕಟ್ಟಿ, ಅದಕ್ಕೂ ಸಾರಣೆ. ಬಾವಿಯಿಂದ ನೀರು ಸೇದಿ ಕೊಟ್ಟವಳು ನಾನು. ಇದನ್ನು ಬರೆದಿಡಬೇಕು.

ಸರ್ವೆಯರ್ ಬಂದದ್ದು ತಿಥಿಯ ದಿನ ನಡುಮಧ್ಯಾಹ್ನ. ಹುಬ್ಬಳ್ಳಿ ಕಡೆಯವರು, ಬಸ್ಸಿನಲ್ಲಿ ನೆನೆದು ಬಂದಿದ್ದರು. ಒಳಗೆ ಭಟ್ಟರ ಊಟ ಮುಗಿದಿರಲಿಲ್ಲ, ಅವರನ್ನು ಒಳಗೆ ಬಿಡುವಂತಿರಲಿಲ್ಲ. ಪಾಪ, ಒಂದು ಗಂಟೆ ಜಗಲಿಯ ಮೇಲೆ ಕೂತರು. ಆಮೇಲೆ ಅತ್ತೆ ಅವರಿಗೆ ವಡೆ, ಪಾಯಸ ಬಡಿಸಿ ಸಂಭ್ರಮದಿಂದ ಉಪಚರಿಸಿದರು. ಊಟವಾದ ಮೇಲೆ ಅವರು ಕೈಯಲ್ಲಿ ಟೇಪು ಹಿಡಿದು ಮನೆಯೆಲ್ಲ ಒಂದು ಸುತ್ತು ಹಾಕಿ, ನನ್ನ ಮುಂದೆ ನಿಂತರು.

“ಅಕ್ಕಾರ, ನೀರು ಬಂದದ್ದು ಈ ಮನೀಗೇನ್ರೀ?”

“ಕಿಟಕಿವರೆಗೆ ಬಂದಿತ್ತು.”

“ಗೆರಿ ಎಲ್ಲೈತ್ರಿ? ಬಿದ್ದ ಗ್ವಾಡಿ ಎಲ್ಲೈತ್ರಿ?”

ನಾನು ನೆಲ ತೋರಿಸಿದೆ. ಗೋಡೆ ನೆಲದೊಳಗಿದೆ ಎಂದೆ. ಅವರು ಸಗಣಿ ಸಾರಿಸಿದ ನೆಲವನ್ನೂ ಅದರ ಮೇಲಿನ ರಂಗೋಲಿಯನ್ನೂ ನೋಡಿ ಬೇಜಾರಿನಿಂದ ತಲೆ ಅಲ್ಲಾಡಿಸಿದರು. “ನಿಮ್ಮ ಮನಿ ಅನ್ನ ಉಂಡೇನ್ರಿ, ಸುಳ್ಳು ಹೇಳಂಗಿಲ್ಲ. ನಾ ಕಂಡದ್ದಷ್ಟ ಬರೀಬೇಕ್ರಿ. ಒಂದು ಫೋಟೋ ಆದ್ರೂ ತೆಗಿಸಿಡಬಾರದಿತ್ತೇನ್ರಿ?”

ಅವರ ಮೇಲೆ ನನಗೆ ಸಿಟ್ಟಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ದೇವರೂ ಕೊಟ್ಟಿದ್ದ, ಪೂಜಾರಿಯೂ ಒಲಿದಿದ್ದ. ವರವನ್ನು ತೊಳೆದು ಹಳ್ಳಕ್ಕೆ ಬಿಟ್ಟವರು ನಾವು. ದೀಪಾವಳಿಯ ಹೊತ್ತಿಗೆ ಕಾಗದ ಬಂತು. ಗುರುತು ಸಿಕ್ಕಿದ ಬಾಗಿಲುಗಳಿಗೆ ಮಾತ್ರ ಒಂದಿಷ್ಟು, ಉಳಿದದ್ದಕ್ಕೆ ಇಲ್ಲ.

ಆ ಕಾಗದ ಕೈಯಲ್ಲಿ ಹಿಡಿದೇ ನಾನು ಅತ್ತೆಗೆ ಹೇಳಿದೆ, “ನಿಂಗಳ ಮಡಿಯಿಂದ್ಲೇ ಮನೆ ಹಾಳಾತು.”

ಅವರು ಬತ್ತಿ ಹೊಸೆಯುತ್ತಿದ್ದರು. ಬತ್ತಿಯನ್ನು ತಟ್ಟೆಯಲ್ಲಿಟ್ಟು ಎದ್ದು ಹೋದರು. ನಾನು ಆ ಮಾತನ್ನು ವಾಪಸ್ ತೆಗೆದುಕೊಳ್ಳಬೇಕಿತ್ತು, ತೆಗೆದುಕೊಳ್ಳಲಿಲ್ಲ. ಮೊದಲು ಸಿಟ್ಟು ಅಡ್ಡ ಬಂತು, ಆಮೇಲೆ ನಾಚಿಕೆ, ಆಮೇಲೆ ಬರೇ ಆಯಾಸ. ತಟ್ಟಿಯ ಜಾಗದಲ್ಲಿ ಗೋಡೆ ಎಬ್ಬಿಸಲು ಎರಡು ಬೇಸಿಗೆ ಬೇಕಾಯಿತು. ಅಡುಗೆಮನೆಯ ನೆಲ ಸರಿಹೋಗಲೇ ಇಲ್ಲ. ತಗ್ಗಿನ ಮೇಲೆ ಒಂದು ಹಲಗೆ ಹಾಕಿದೆವು. ಅದರ ಮೇಲೆ ಕಾಲಿಟ್ಟಾಗಲೆಲ್ಲ ಅದು ‘ಟಕ್’ ಅನ್ನುತ್ತಿತ್ತು. ಅತ್ತೆ ಅದನ್ನು ದಾಟುವಾಗ ಸದ್ದಾಗದ ಹಾಗೆ ದಾಟುತ್ತಿದ್ದರು. ನನಗೆ ಅದು ಗೊತ್ತಾಗುತ್ತಿತ್ತು.

ಕೆಲವು ವರ್ಷಗಳ ಮೇಲೆ ಮನೆಸಾಲ ತೀರಿತು. ಆ ದಿನ ಪಾಯಸ ಮಾಡಿ ಉಂಡೆವು. ಮುಂದಿನ ಮಳೆಗಾಲ, ಅದೇ ಪುಷ್ಯದಲ್ಲಿ, ಬೆಳಗಿನ ಜಾವ ಮತ್ತೆ ಮೋರಿ ಕಟ್ಟಿಕೊಂಡಿತು. ಈ ಸಲ ನೀರು ಹಿಂದಿನಷ್ಟು ಏರಲಿಲ್ಲ. ಮೊಣಕಾಲಿನವರೆಗೆ ಬಂದು, ಎರಡು ತಾಸಿನಲ್ಲಿ ಇಳಿಯಿತು. ಅಡುಗೆಮನೆಯ ನೆಲ ಪೂರ್ತಿ ಹೋಯಿತು. ಶಾಲೆಯಲ್ಲಿ ಪರೀಕ್ಷೆ ಇದ್ದದ್ದರಿಂದ ನಾನು ಹೋಗಲೇಬೇಕಿತ್ತು. ಅತ್ತೆಯನ್ನು ಪಕ್ಕದ ಮನೆಯಲ್ಲಿ ಬಿಟ್ಟು ಹೋದೆ. ನನ್ನ ಗಂಡ ಬ್ಯಾಂಕಿಗೆ ಹೋದರು.

ಮಧ್ಯಾಹ್ನ ಅವರು ಶಾಲೆಗೆ ಫೋನು ಮಾಡಿದರು. ವಿಮೆ ಸಾಲದ ಜೊತೆಗಿನದ್ದಂತೆ. ಸಾಲ ತೀರಿದ ಮೇಲೆ ಬ್ಯಾಂಕಿನವರು ಕಟ್ಟಲಿಲ್ಲ, ನಾವೇ ಮುಂದುವರಿಸಬೇಕಿತ್ತು. ಯಾರಿಗೂ ಹೊಳೆದಿರಲಿಲ್ಲ. “ಯಾರೂ ಬತ್ವಿಲ್ಲೆ,” ಎಂದು ಫೋನಿಟ್ಟರು.

ಮೂರೂವರೆಗೆ ಮನೆಗೆ ಬಂದೆ. ಪಕ್ಕದ ಮನೆಯವಳು ಗೇಟಿನಲ್ಲೇ ಹಿಡಿದು, “ಅಕ್ಕೋರೆ, ನಿಮ್ಮತ್ತೆ ನಮ್ಮನೇಲಿ ನಿಲ್ಲಲೇ ಇಲ್ಲ. ಬೆಳಗಿಂದ ಒಂದು ಗುಟುಕು ನೀರೂ ಮುಟ್ಟಿಲ್ಲ. ನಾನು ಕೆಸರು ಗುಡಿಸೋಕೆ ಹಿಡಿಸೂಡಿ ತಗೊಂಡು ಹೋದ್ರೆ ಬೈದು ಕಳಿಸಿದ್ರು,” ಎಂದಳು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ, ಕೆಸರಿನ ನಡುವೆ ಒಂದು ಮಣೆಯ ಮೇಲೆ ಕೂತಿದ್ದರು. ಸೀರೆಯ ಅಂಚು ಕೆಸರಿನಲ್ಲಿ ಅದ್ದಿತ್ತು. ನನ್ನ ಮದುವೆಯಾದ ದಿನದಿಂದ ಅಡುಗೆಮನೆ ಒರೆಸದೆ ಅವರು ಒಂದು ತೊಟ್ಟು ನೀರು ಕುಡಿದದ್ದನ್ನು ನಾನು ನೋಡಿಲ್ಲ. ನಾನು ಚಪ್ಪಲಿ ಬಿಟ್ಟು ಒಳಗೆ ಬಂದದ್ದೇ ಬಾಗಿಲಿಗೆ ಅಡ್ಡ ಕೈ ಹಿಡಿದರು.

“ಮುಟ್ಟಡ ತಂಗಿ. ತೊಳಿಯಲಾಗ. ಎಲ್ಲ ಹಾಂಗೇ ಇಟ್ಟಿದ್ದೆ. ಅಳತೆ ಮಾಡವ ಬಂದ್ನನೇ?”

ಯಾರೂ ಬರುವುದಿಲ್ಲ ಎಂದು ನಾನು ಹೇಳಲಿಲ್ಲ. ಅದನ್ನು ಹೇಳಿದರೆ ಅವರ ಇಡೀ ದಿನದ ಉಪವಾಸ ಏನಾಗಬೇಕು? ಗೋಡೆಯ ಮೇಲೆ ಗೆರೆ ಸ್ಪಷ್ಟವಾಗಿತ್ತು, ಹಲಗೆ ತೇಲಿ ಹೋಗಿ ಮೂಲೆ ಸೇರಿತ್ತು. ಅವರು ಒಂದನ್ನೂ ಅಲ್ಲಾಡಿಸಿರಲಿಲ್ಲ. ನಾನು ಬ್ಯಾಗಿನಿಂದ ಬೋರ್ಡಿನ ಸ್ಕೇಲು ಮತ್ತು ಒಂದು ಪರೀಕ್ಷೆಯ ಹಾಳೆ ತೆಗೆದೆ. ಕೆಸರಿನಲ್ಲಿ ಕೂತು ಗೆರೆಯ ಎತ್ತರ ಅಳೆದೆ. ನೆಲದ ತಗ್ಗು ಅಳೆದೆ. ಬಾಗಿಲು, ಹೊಸ್ತಿಲು, ಒಲೆಯ ಕಟ್ಟೆ ಎಲ್ಲ ಅಳೆದು, ತಾರೀಖು ಹಾಕಿ ಬರೆದೆ. ಅವರು ಒಂದೊಂದನ್ನೂ ಬೆರಳು ತೋರಿಸಿ ಹೇಳುತ್ತಿದ್ದರು, ನಾನು ಒಂದನ್ನೂ ಬಿಡಲಿಲ್ಲ.

“ಆತು ಅತ್ತೆ. ಎಲ್ಲ ಬರ್ಕಂಡೆ. ಇನ್ನು ತೊಳಿಯಲಕ್ಕು.”

ಅವರು ಗೋಡೆ ಹಿಡಿದು ಎದ್ದರು. ಇಬ್ಬರೂ ಸೇರಿ ಒಲೆಯ ಸುತ್ತ ಅಷ್ಟು ಜಾಗ ತೊಳೆದೆವು. ಗಂಜಿ ಬೇಯಿಸಿದೆ. ಅವರು ಒಂದು ತುತ್ತು ತಿಂದು, ತಟ್ಟೆ ನೋಡುತ್ತಲೇ ಕೇಳಿದರು, “ಈ ಸಲ ಆನು ಹಾಳು ಮಾಡಿದ್ನಿಲ್ಲೆ, ಅಲ್ದನೇ?”

ನನಗೆ ಅಳು ಬಂತು. ಇಷ್ಟು ವರ್ಷ ಅವರು ಆ ಮಾತನ್ನು ಹೊತ್ತುಕೊಂಡೇ ಹಲಗೆ ದಾಟಿದ್ದರು.

“ಆ ಸಲವೂ ಹಾಳು ಮಾಡಿದ್ದು ನಿಂಗಳಲ್ಲ ಅತ್ತೆ. ಬಾವಿಂದ ನೀರು ಸೇದಿದ್ದು ಆನೇಯ.”

ಅವರು ತಟ್ಟೆಯನ್ನು ನನ್ನ ಕಡೆಗೆ ಸರಿಸಿ, ಇನ್ನೊಂದು ಸೌಟು ಗಂಜಿ ಹಾಕು ಎಂದರು.