ಪಿಯಾನೊ ಆದ ಹುಡುಗಿ

ಒಂಬತ್ತನೆಯ ತರಗತಿಯ ಹುಡುಗಿಯರಿಗೆ ಮೈನರ್ ಸ್ಕೇಲ್ ಹಾಡಲು ಕಲಿಸುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಕಂಕನಾಡಿಯ ನಮ್ಮ ಶಾಲೆಗೆ ನಾನೊಬ್ಬಳೇ ವೆಸ್ಟರ್ನ್ ಮ್ಯೂಸಿಕ್ ಟೀಚರ್. ಸ್ಕೇಲ್ ಅಂದರೆ ಎಂಟು ಸ್ವರಗಳ ಏಣಿ. ಮೇಜರ್ ಸ್ಕೇಲನ್ನು ಯಾರಾದರೂ ಹಾಡುತ್ತಾರೆ, ಎಲ್ಲೆಲ್ಲೋ ಕೇಳಿ ಕಿವಿಗೆ ಹತ್ತಿರುತ್ತದೆ. ಮೈನರ್ ಹಾಗಲ್ಲ. ಅದರ ಏಳನೆಯ ಸ್ವರವನ್ನು ಅರ್ಧ ಮೆಟ್ಟಿಲು ಎತ್ತಿ ಹಾಡಬೇಕು. ಅಲ್ಲಿಗೆ ಬರುವಾಗ ಇವರ ಗಂಟಲಿಗೆ ಸೋಮಾರಿತನ. ಏಳನೆಯದು ಇಳಿಯಿತೆಂದರೆ ಎಂಟನೆಯದು, ಅಂದರೆ ಮೇಲಿನ ಸ್ವರ, ಅದರ ಹಿಂದೆಯೇ ಇಳಿಯುತ್ತದೆ.

ಇದಕ್ಕೆ ನನ್ನ ಬಳಿ ಒಂದು ಮದ್ದಿತ್ತು. ಒಬ್ಬೊಬ್ಬಳನ್ನೇ ನಿಲ್ಲಿಸಿ, ಪಿಯಾನೊದಲ್ಲಿ ಮೊದಲ ಸ್ವರವನ್ನಷ್ಟೇ ಕೊಟ್ಟು, ಉಳಿದದ್ದನ್ನು ಬರೀ ಬಾಯಲ್ಲಿ ಹಾಡಿಸುತ್ತಿದ್ದೆ. ಮೇಲಿನ ಸ್ವರದಲ್ಲಿ ಅವಳು ನಿಂತ ಕೂಡಲೇ ಆ ಕೀ ಒತ್ತುತ್ತಿದ್ದೆ. ಪಿಯಾನೊ ಒಂದು ಕಡೆ, ಅವಳ ದನಿ ಇನ್ನೊಂದು ಕಡೆ. ಕ್ಲಾಸೆಲ್ಲ ನಗುತ್ತಿತ್ತು. ಅವಳ ಮುಖ ಬಾಡುವುದನ್ನು ನೋಡಲು ನನಗೆ ಖುಷಿಯೇ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಆ ವರ್ಷದ ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ಎಲ್ಲರೂ ಸರಿಯಾಗಿ ಹಾಡತೊಡಗಿದರು. ಯಾರನ್ನು ನಿಲ್ಲಿಸಿದರೂ ಕೀ ಒತ್ತಿದಾಗ ದನಿ ತಾಳೆಯಾಗುತ್ತಿತ್ತು. ನನ್ನ ಪಾಠ ಫಲ ಕೊಟ್ಟಿತೆಂದು ಬೀಗಿದೆ. ಬೀಗಿದವಳಿಗೆ ಕಿವಿ ಎಲ್ಲಿ ಕೇಳಿಸುತ್ತದೆ? ತಪ್ಪಿದವಳು ಒಬ್ಬಳೇ, ಕಾಟಿಪಳ್ಳದ ಕಡೆಯಿಂದ ಬರುತ್ತಿದ್ದ ಅರ್ಚಕರ ಮಗಳು. ಅಪ್ಪ ಪೂಜೆ ಮಾಡುವ ದೇವಸ್ಥಾನದಲ್ಲಿ ಸಂಜೆ ಶ್ರುತಿಪೆಟ್ಟಿಗೆ ಇಟ್ಟುಕೊಂಡು ಹಾಡಿ ಬೆಳೆದವಳು. ಆ ನವರಾತ್ರಿಗೆ ಮೊದಲ ಬಾರಿ ಮೈಕಿನ ಮುಂದೆ ಒಬ್ಬಳೇ ಕೂತು ಹಾಡುವವಳಿದ್ದಳು. ಅದು ಬಿಟ್ಟು ಅವಳ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ.

ಕ್ಲಾಸು ನಕ್ಕಾಗ ಅವಳು ತಲೆ ತಗ್ಗಿಸಲಿಲ್ಲ.

"ಮಿಸ್, ಇದು ನಮ್ಮ ಕೀರವಾಣಿ ರಾಗವೇ. ನನಗೆ ಸರಿ ಬರ್ತದೆ. ಪಿಯಾನೊ ಇಳಿದದ್ದು."

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದೆ. ಮತ್ತಷ್ಟು ನಗು.

ಎಲ್ಲರೂ ಹೋದ ಮೇಲೆ ಮೊಬೈಲಿನಲ್ಲಿ ಶ್ರುತಿ ಇಟ್ಟು ಪರೀಕ್ಷಿಸಿದೆ. ಬಿರಡೆ ಸವೆದು ಮೇಲಿನ ಸ್ವರದ ತಂತಿ ಸಡಿಲವಾಗಿತ್ತು. ಹುಡುಗಿಯರೂ ಇಳಿದಿದ್ದರು, ಪಿಯಾನೊವೂ ಇಳಿದಿತ್ತು. ಎರಡೂ ಸೇರಿ ನನ್ನನ್ನು ಮಂಗ ಮಾಡಿದ್ದವು. ಶ್ರುತಿ ಮಾಡುವವರು ಗೋವಾದಿಂದ ಬರಬೇಕು, ಮಳೆ ನಿಲ್ಲದೆ ಅವರು ಬರುವುದಿಲ್ಲ.

ನನಗೆ ಮೈಯೆಲ್ಲ ಉರಿ. ಮರುದಿನ ಅರ್ಚಕರ ಮಗಳನ್ನು ಪಿಯಾನೊದ ಪಕ್ಕದಲ್ಲಿ ನಿಲ್ಲಿಸಿ, "ಇನ್ನು ಮೇಲೆ ಇವಳೇ ನಿಮ್ಮ ಪಿಯಾನೊ" ಎಂದೆ. ಒಬ್ಬೊಬ್ಬರೂ ಹಾಡಿ ಮುಗಿಸಿದ ಮೇಲೆ ಅವಳು ಮೇಲಿನ ಸ್ವರ ಹಾಡಬೇಕು, ಹಾಡಿದವಳು ಎಷ್ಟು ಬಿದ್ದಳೆಂದು ತೋರಿಸಬೇಕು. ಈಗ ಯಾರೂ ನಗಲಿಲ್ಲ. ಮರದ ಪಿಯಾನೊ ಮಾಡುವ ಅವಮಾನವನ್ನು ಮಕ್ಕಳು ಸಹಿಸುತ್ತಾರೆ. ಪಕ್ಕದ ಬೆಂಚಿನವಳು ಮಾಡಿದರೆ ಇಲ್ಲ.

ಅಲ್ಲಿಯವರೆಗೆ ಎಲ್ಲದರಲ್ಲೂ ಮುಂದಿದ್ದವಳು ಒಬ್ಬ ಡಾಕ್ಟರರ ಮಗಳು. "ಎಂತ ಪಿಯಾನೊ, ಇವತ್ತು ಯಾರ ಮರ್ಯಾದೆ ತೆಗೀಲಿಕ್ಕೆ ಉಂಟು?" ಎಂದು ಶುರು ಮಾಡಿದ್ದು ಅವಳೇ. ಊಟದ ಹೊತ್ತಿಗೆ ಅರ್ಚಕರ ಮಗಳು ಕೂತಲ್ಲಿಂದ ಉಳಿದವರು ಎದ್ದು ಹೋಗುತ್ತಿದ್ದರು. ಸಂಜೆ ಶಾಲೆಯ ವ್ಯಾನಿನಲ್ಲಿ ಇಬ್ಬರು ಅವಳ ಎರಡೂ ಬದಿಗೆ ಒತ್ತಿ ಕೂತು, ಆ ಇಳಿದ ಸ್ವರವನ್ನೇ ಅವಳ ಕಿವಿಯಲ್ಲಿ ಗುನುಗುತ್ತಿದ್ದರು, ಕಾಟಿಪಳ್ಳ ಬರುವವರೆಗೆ. ಅದೇ ವ್ಯಾನಿನ ಮುಂದಿನ ಸೀಟಿನಲ್ಲಿ ನಾನಿರುತ್ತಿದ್ದೆ. ಪರವಾಗಿಲ್ಲ, ದಾರಿಯಲ್ಲೂ ಅಭ್ಯಾಸ ಮಾಡುತ್ತಿದ್ದಾರಲ್ಲ ಎಂದುಕೊಂಡೆ.

ಒಂದು ದಿನ ಅವಳು ಕ್ಲಾಸಿಗೆ ಮೊದಲೇ ಬಂದು ನಿಂತಳು. "ಮಿಸ್, ನಾನು ಪಿಯಾನೊ ಆಗುದಿಲ್ಲ. ನನ್ನನ್ನು ಅವರ ಜೊತೆ ಕೂರ್ಲಿಕ್ಕೆ ಬಿಡಿ."

"ಸರಿ ಗೊತ್ತಿದ್ದವಳು ಬಾಯಿ ಮುಚ್ಚಿ ಕೂರುವುದಾ? ಹೋಗು, ನಿಲ್ಲು" ಎಂದು ಗದರಿದೆ.

ಆಮೇಲೆ ಪರೀಕ್ಷೆಗಳು ಬಂದು ಎರಡು ವಾರ ಹಾಡಿನ ಕ್ಲಾಸಿರಲಿಲ್ಲ, ವ್ಯಾನಿನ ಗುನುಗು ಮಾತ್ರ ನಿಲ್ಲಲಿಲ್ಲ. ನವರಾತ್ರಿಯ ಹಿಂದಿನ ವಾರ ಮಳೆ ಬಿಟ್ಟಿತು. ಗೋವಾದವರು ಬಂದು ತಂತಿ ಬಿಗಿದು ಹೋದರು. ಅವತ್ತು ನಾನು ಹಬ್ಬದ ಹುರುಪಿನಲ್ಲೇ ಕ್ಲಾಸಿಗೆ ಹೋದೆ. ಎಲ್ಲರನ್ನೂ ಹಾಡಿಸಿ ಕೀ ಒತ್ತಿದೆ. ಎಲ್ಲರೂ ಬಿದ್ದರು. "ಕೇಳಿದಿರಲ್ಲ? ಈಗ ಇವಳು ಹಾಡುವುದನ್ನು ಕೇಳಿ" ಎಂದು ಅರ್ಚಕರ ಮಗಳಿಗೆ ಮೊದಲ ಸ್ವರ ಕೊಟ್ಟೆ.

ಆರು ಸ್ವರ ಚೆನ್ನಾಗಿಯೇ ಹಾಡಿದಳು. ಏಳನೆಯದು ಏರಲಿಲ್ಲ. ಮೇಲಿನ ಸ್ವರದಲ್ಲಿ ನಿಂತಾಗ ಕೀ ಒತ್ತಿದೆ. ಪಿಯಾನೊ ಮೇಲೆ, ಅವಳು ಕೆಳಗೆ, ಉಳಿದವರು ಬಿದ್ದ ಜಾಗದಲ್ಲೇ. ಕ್ಲಾಸೆಲ್ಲ ಚಪ್ಪಾಳೆ ತಟ್ಟಿತು. ಡಾಕ್ಟರರ ಮಗಳು ಬೆಂಚಿನಲ್ಲಿ ಸರಿದು ಜಾಗ ಮಾಡಿದಳು. "ಇಲ್ಲಿ ಬಾ ಮಾರಾಯ್ತಿ, ಕೂತ್ಕೊ."

ಹತ್ತರ ಜೊತೆ ಹನ್ನೊಂದನೆಯವಳಾಗಿ ಅವಳು ಹೋಗಿ ಕೂತಳು. ಬೆಲ್ ಆದ ಮೇಲೆ ಅವಳನ್ನು ತಡೆದು ನಿಲ್ಲಿಸಿದೆ.

"ಬೇಕಂತಲೇ ಇಳಿಸಿದ್ದಲ್ವಾ?"

"ಮೊದಲು ಬೇಕಂತಲೇ ಮಾಡ್ತಿದ್ದೆ ಮಿಸ್. ವ್ಯಾನಿನಲ್ಲಿ ನಾನೂ ಅವರ ಹಾಗೆ ಹಾಡಿದ್ರೆ ಸುಮ್ಮನಾಗ್ತಿದ್ರು." ಅವಳು ಚಪ್ಪಲಿಯನ್ನು ನೆಲಕ್ಕೆ ಉಜ್ಜಿದಳು. "ಈಗ ಹಾಗೇ ಬರ್ತದೆ."

"ಮತ್ತೆ ನವರಾತ್ರಿಗೆ?"

"ಬೇರೆ ಹುಡುಗಿ ಹಾಡ್ತಾಳೆ. ನನ್ನ ಶ್ರುತಿ ನಿಲ್ಲುದಿಲ್ಲ ಅಂತ ಅಪ್ಪನೇ ಬೇಡ ಹೇಳಿದ್ರು."

ಹೊರಗೆ ಡಾಕ್ಟರರ ಮಗಳು ಇವಳ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡು ಕಾಯುತ್ತಿದ್ದಳು. "ಹೋಗ್ಲಾ ಮಿಸ್?" ಎಂದು ಅರ್ಚಕರ ಮಗಳು ಕೇಳಿ, ನನ್ನ ಉತ್ತರಕ್ಕೂ ಕಾಯದೆ, ನಗುತ್ತಾ ಅವಳ ಕಡೆಗೆ ಓಡಿದಳು.