ಸರದಿ ಮೇಡಂ ತಡೆದಿಟ್ಟ ಗಾಡಿ

ಶೋರೂಮಿಗೆ ಬಂದವರ ಕಣ್ಣಿಗೆ ಬೀಳುತ್ತಿದ್ದುದು ಗಾಜಿನ ಗೋಡೆ, ಮುಖ ಕಾಣುವಷ್ಟು ಹೊಳೆಯುವ ನೆಲ, ಆ ನೆಲದ ಮೇಲೆ ಮದುವಣಗಿತ್ತಿಯರಂತೆ ಸಿಂಗರಿಸಿಕೊಂಡು ನಿಂತ ಕಾರುಗಳು. ಬಿಡಿಭಾಗಗಳ ಉಗ್ರಾಣದ ಪಕ್ಕದಿಂದ ಮೇಲೆ ಹೋಗುವ ಕಬ್ಬಿಣದ ಮೆಟ್ಟಿಲನ್ನು ಯಾರೂ ಗಮನಿಸುತ್ತಿರಲಿಲ್ಲ. ಅದನ್ನು ಹತ್ತಿದರೆ ಒಂದು ಸಣ್ಣ ಕೋಣೆ. ಕಿಟಕಿ ತೆರೆದರೆ ವರ್ಕ್‌ಶಾಪಿನ ತಗಡಿನ ಚಾವಣಿ, ಮುಚ್ಚಿದರೆ ಟಯರಿನ ವಾಸನೆ. ಯಾವ ಗಾಡಿ ಯಾರ ಮನೆಗೆ ಎಂದು ತೀರ್ಮಾನವಾಗುತ್ತಿದ್ದುದು ಅಲ್ಲಿ. ತೀರ್ಮಾನ ಮಾಡುತ್ತಿದ್ದವಳು ಐವತ್ತರ ಹೊಸ್ತಿಲಲ್ಲಿದ್ದ ಒಬ್ಬ ಹೆಂಗಸು. ಹೆತ್ತವರು ಇಟ್ಟ ಹೆಸರು ಅವಳಿಗೂ ಇತ್ತು, ಆದರೆ ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದು ಎಲ್ಲೂ ಓಡಾಡುತ್ತಿರಲಿಲ್ಲ. ಕೆಳಗಿನವರಿಗೆಲ್ಲ ಅವಳು ಸರದಿ ಮೇಡಂ.

ಅವಳ ಕೆಲಸ ಹೇಳಲಿಕ್ಕೆ ಸುಲಭ, ಮಾಡಲಿಕ್ಕೆ ತಲೆನೋವು. ಕಂಪನಿ ಹೊಸ ಮಾದರಿಯನ್ನು ಬಿಡುಗಡೆ ಮಾಡಿದ ದಿನವೇ ಶೋರೂಮಿನ ವೆಬ್‌ಸೈಟಿನಲ್ಲಿ ಅದರ ಚಿತ್ರ, ಬಣ್ಣ, ಬಗೆಗಳನ್ನು ಏರಿಸಬೇಕು. ಬುಕಿಂಗ್‌ಗಳು ಮುಗಿಬೀಳುತ್ತವೆ. ಕಂಪನಿ ಮಾತ್ರ ಕೈ ಬಿಗಿ ಹಿಡಿದು, ಹೋದ ವರ್ಷ ನೀವೆಷ್ಟು ಮಾರಿದ್ದೀರೋ ಅದಕ್ಕೆ ತಕ್ಕಷ್ಟೇ ಎಂದು ಬೆರಳೆಣಿಕೆಯ ಗಾಡಿಗಳನ್ನು ಕಳಿಸುತ್ತದೆ. ಅದರಲ್ಲೊಂದು ಗಾಜಿನ ಹಿಂದೆ ನಿಲ್ಲಲಿಕ್ಕೆ, ಒಂದು ಗಿರಾಕಿಗಳು ಓಡಿಸಿ ನೋಡಲಿಕ್ಕೆ. ಉಳಿದವುಗಳಲ್ಲಿ ಅರ್ಧ ಯಾರೂ ಕೇಳದ ಬಣ್ಣದವು. ಮಿಕ್ಕಿದ್ದನ್ನು ಬುಕಿಂಗಿನ ಸರದಿಗೆ, ಕೇಳಿದ ಬಣ್ಣಕ್ಕೆ ಹೊಂದಿಸಿ ಒಬ್ಬೊಬ್ಬರ ಹೆಸರಿಗೆ ಒಂದೊಂದು ಗಾಡಿಯ ಚಾಸಿ ನಂಬರು ಬರೆಯಬೇಕು.

ಹೊಸ ಮಾದರಿ ಬಂದಾಗ ಅವಳಿಗೆ ಎಲ್ಲಿಲ್ಲದ ನೆಂಟರು. ಸೇಲ್ಸ್ ಹುಡುಗರು ಚಹಾ ತಂದಿಟ್ಟು, "ಮೇಡಂ, ನಮ್ಮ ಡಾಕ್ಟರ್ ಕಸ್ಟಮರ್‌ನ ಸ್ವಲ್ಪ ನೋಡ್ಕೊಳ್ಳಿ" ಎಂದು ರಾಗ ಎಳೆಯುತ್ತಿದ್ದರು. ಎಂದೋ ಒಂದೇ ಬೆಂಚಿನಲ್ಲಿ ಕೂತು ಓದಿದವಳು ಫೋನು ಮಾಡಿ ಆರೋಗ್ಯ ವಿಚಾರಿಸಿ, ಮಾತಿನ ಕೊನೆಯಲ್ಲಿ ತನ್ನ ಗಂಡನ ಬುಕಿಂಗ್ ನಂಬರು ಹೇಳುತ್ತಿದ್ದಳು. ಸರದಿ ಮೇಡಂ ಯಾರ ಬೆಣ್ಣೆ ಮಾತಿಗೂ ಕರಗಿದವಳಲ್ಲ. "ಸರದಿ ಬರಲಿ, ನಾನೇ ಕರೀತೀನಿ" ಅನ್ನುತ್ತಿದ್ದಳು, ಅಷ್ಟೇ. ಗಾಡಿ ಸಿಕ್ಕವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ, ಸಿಗದವರು ಬೈದು ಫೋನು ಇಡುತ್ತಿದ್ದರು. ಎರಡಕ್ಕೂ ಅವಳ ಕಿವಿ ಒಗ್ಗಿಹೋಗಿತ್ತು.

ಮನೆಯೆಂದರೆ ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಮೇಲ್ಮಹಡಿಯ ಎರಡು ಕೋಣೆ. ಅಮ್ಮ ಇರುವವರೆಗೆ ಅಲ್ಲಿ ಮಾತಿತ್ತು, ಕೊನೆಕೊನೆಗೆ ನರಳಾಟವಿತ್ತು. ಅಮ್ಮನ ಔಷಧಿ, ಸ್ನಾನ, ಊಟ ಎಂದು ಓಡಾಡುವುದರಲ್ಲೇ ಮದುವೆಯ ಮಾತು ಹಳಸಿಹೋಗಿತ್ತು. ಅಮ್ಮ ಹೋದ ಮೇಲೆ ಕುಕ್ಕರಿನ ಸೀಟಿಯೊಂದೇ ಸದ್ದು. ದೂರದ ಊರಿನಲ್ಲಿದ್ದ ಅಕ್ಕ ಆಗಾಗ ಫೋನು ಮಾಡಿ, "ಊಟ ಆಯ್ತಾ?" ಎನ್ನುವಳು. "ಆಯ್ತು ಕಣೇ" ಅಂದರೆ ಇಬ್ಬರಿಗೂ ಮುಂದೇನು ಮಾತಾಡಬೇಕೆಂದು ತೋಚುತ್ತಿರಲಿಲ್ಲ. ರಜೆಯ ದಿನ ಸಂಜೆ ಬಾಯಿ ತೆರೆದಾಗ ಗಂಟಲು ಕಟ್ಟಿರುವುದು ಗೊತ್ತಾಗಿ, ಬೆಳಗಿನಿಂದ ಯಾರೊಂದಿಗೂ ಮಾತಾಡಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯವಾಗುತ್ತಿತ್ತು.

ಆ ವರ್ಷ ಕಂಪನಿ ಎತ್ತರದ ಸೀಟಿನ ಹೊಸ ಮಾದರಿಯೊಂದನ್ನು ಬಿಟ್ಟಿತು. ಅದನ್ನು ಬುಕ್ ಮಾಡಿದವರಲ್ಲಿ ನಿವೃತ್ತ ಬಸ್ ಚಾಲಕರೊಬ್ಬರಿದ್ದರು. ಬೂದು ಬಣ್ಣ ಬೇಕು, ಕೈಯಿಂದ ಗೇರು ಹಾಕುವಂಥದ್ದೇ ಬೇಕು. ಸೇಲ್ಸ್ ಹುಡುಗ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲು ಅವರಿಗೆ ಮೇಲಿನ ಕೋಣೆಯ ನಂಬರು ಕೊಟ್ಟು ಕೈತೊಳೆದುಕೊಂಡಿದ್ದ.

"ಗೇರಿಲ್ಲದ ಗಾಡಿನೂ ಇದೆ ಸಾರ್. ಅದು ಬೇಗ ಸಿಗುತ್ತೆ" ಎಂದು ಅವಳು ಮೊದಲ ದಿನವೇ ಹೇಳಿದ್ದಳು.

"ಬೇಡ ಮೇಡಂ. ನನ್ನ ಎಡಗೈ ಮೂವತ್ತು ವರ್ಷ ದುಡಿದಿದೆ. ಈಗ ಸುಮ್ನೆ ಕೂರು ಅಂದ್ರೆ ಮುನಿಸ್ಕೊಳ್ಳುತ್ತೆ."

ಅವಳು ನಕ್ಕಳು. ಆ ಕೋಣೆಯಲ್ಲಿ ತಾನು ನಕ್ಕ ಸದ್ದು ಅವಳಿಗೇ ಹೊಸದಾಗಿ ಕೇಳಿಸಿತು.

ಅಂದಿನಿಂದ ಅವರು ವಾರಕ್ಕೊಮ್ಮೆ, ಮಧ್ಯಾಹ್ನದ ಊಟವಾದ ಮೇಲೆ ಫೋನು ಮಾಡತೊಡಗಿದರು. "ನಾನು ಬಸ್ಸಿನವನು. ನಮ್ಮ ಗಾಡಿ ಎಲ್ಲಿಗೆ ಬಂತು?" ಎಂದು ಶುರು. ಇನ್ನೂ ಬಂದಿಲ್ಲ ಅಂದರೆ ಸಿಡುಕುತ್ತಿರಲಿಲ್ಲ. "ಇರಲಿ ಬಿಡಿ, ಅವಸರ ಯಾರಿಗಿದೆ" ಎಂದು ಬೇರೆ ಮಾತಿಗೆ ಹೊರಳುತ್ತಿದ್ದರು. ಮಂಜು ಕವಿದ ತಿರುವಿನಲ್ಲಿ ಕಂಡಕ್ಟರು ಇಳಿದು ಬಸ್ಸಿನ ಮುಂದೆ ಟಾರ್ಚು ಹಿಡಿದು ನಡೆದದ್ದು, ಪ್ರಯಾಣಿಕಳೊಬ್ಬಳು ನಿದ್ದೆಯಲ್ಲಿ ಊರು ತಪ್ಪಿಸಿಕೊಂಡು ಇವರ ಮೇಲೇ ಹರಿಹಾಯ್ದದ್ದು. ಊರು ತುಂಬ ಜನರನ್ನು ಕೂರಿಸಿಕೊಂಡು ಓಡಾಡಿದ್ದರೂ ಪಕ್ಕದಲ್ಲಿ ಮಾತಿಗೆ ಯಾರೂ ಇರಲಿಲ್ಲವಂತೆ. "ಚಾಲಕರ ಜೊತೆ ಮಾತಾಡಬೇಡಿ ಅಂತ ತಲೆ ಮೇಲೆ ಬರೆದಿರ್ತಾರಲ್ಲ, ಜನ ಅದನ್ನ ಪಾಲಿಸಿಬಿಟ್ರು" ಎಂದರು ಒಮ್ಮೆ. ಹೆಂಡತಿಗೆ ಮಂಡಿಯ ಆಪರೇಷನ್ ಆಗಿತ್ತು, ತಗ್ಗಿನ ಸೀಟಿನ ಟ್ಯಾಕ್ಸಿಯಲ್ಲಿ ಕೂತು ಏಳಲು ಜೀವ ಹಿಂಡುತ್ತಿತ್ತು. ಈ ಗಾಡಿಯಾದರೆ ಬಗ್ಗದೆ ಕೂರಬಹುದು, ಅದೂ ತಮ್ಮ ಪಕ್ಕದಲ್ಲಿ.

ಅವರ ಫೋನು ಬರುವ ದಿನ ಅವಳು ಬೇಗ ಡಬ್ಬಿ ತೊಳೆದಿಟ್ಟು ಕೂರುವುದನ್ನು ರೂಢಿಸಿಕೊಂಡಳು. ತಾನೂ ಒಂದೆರಡು ಮಾತು ಹೇಳುವಳು. ಅಮ್ಮನ ಹಟ, ಮಳೆ ಬಂದರೆ ಸೋರುವ ಬಚ್ಚಲು, ಬಾಲ್ಕನಿಗೆ ಬರುವ ಬೆಕ್ಕು. ಅವರು ನಿಜಕ್ಕೂ ಕಿವಿಗೊಟ್ಟು ಕೇಳುತ್ತಿದ್ದರು. ಮುಂದಿನ ವಾರ, "ಬೆಕ್ಕು ಬಂತಾ?" ಎಂದು ನೆನಪಿಟ್ಟು ವಿಚಾರಿಸುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ ಹೊಸ ಗಾಡಿಗಳನ್ನು ಹೊತ್ತ ಲಾರಿ ಬಂತು. ಅವಳು ಪಟ್ಟಿಯ ಮೇಲೆ ಕಣ್ಣಾಡಿಸಿದಳು. ಗೇರಿರುವ ಬೂದು ಬಣ್ಣದ ಗಾಡಿ ಒಂದೇ ಒಂದು. ಸರದಿ ಬಸ್ಸಿನವರದು. ಅವರ ಹೆಸರಿನ ಮುಂದೆ ಚಾಸಿ ನಂಬರು ಬರೆದು ಫೋನು ಮಾಡಿದರೆ ಕೆಲಸ ಮುಗಿಯಿತು. ಮುಗಿಯಿತು ಎಂಬುದೇ ಅವಳ ಕೈ ತಡೆಯಿತು. ಗಾಡಿ ಸಿಕ್ಕವರು ಯಾರಾದರೂ ಮತ್ತೆ ಫೋನು ಮಾಡಿದ್ದುಂಟೇ?

ಪಟ್ಟಿಯಲ್ಲಿ ಅವರ ಕೆಳಗಿದ್ದವನು ಬಟ್ಟೆ ಅಂಗಡಿಯ ಮಾಲೀಕ. ಗೇರಿನದೇ ಬಿಳಿ ಗಾಡಿ ಕೇಳಿದ್ದ, ಆದರೆ ಬಣ್ಣ ಯಾವುದಾದರೂ ಪರವಾಗಿಲ್ಲ ಎಂದೂ ಅಂದಿದ್ದ. ಅವಳು ಬೂದು ಗಾಡಿಯನ್ನು ಅವನ ಹೆಸರಿಗೆ ಬರೆದಳು. ಬಸ್ಸಿನವರೇ ಅವಸರವಿಲ್ಲ ಅಂತಾರಲ್ಲ, ಮುಂದಿನ ತಿಂಗಳು ಕೊಟ್ಟರಾಯಿತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಇಷ್ಟು ವರ್ಷ ಮಂತ್ರಿಯ ಮನೆಯಿಂದ ಫೋನು ಬಂದರೂ ಸರದಿ ಮುರಿಯದವಳು ಯಾರೂ ಕೇಳದೆ, ಯಾರೂ ನೋಡದೆ ಮುರಿದಳು.

ಆ ವಾರ ಅವರು ಕೇಳಿದರು. "ಬಂತಾ?"

"ಇನ್ನೂ ಇಲ್ಲ ಸಾರ್."

"ಇರಲಿ ಬಿಡಿ. ಬೆಕ್ಕು ಹೇಗಿದೆ?"

ಅವಳು ಬೆಕ್ಕಿನ ಸುದ್ದಿ ಹೇಳಿದಳು. ಅಂದು ಮಾತು ಎಂದಿಗಿಂತ ಉದ್ದವಾಯಿತು, ರುಚಿ ಮಾತ್ರ ಇರಲಿಲ್ಲ.

ಮುಂದಿನ ತಿಂಗಳು ಗಾಡಿಯ ಬದಲು ಕಂಪನಿಯ ಸುತ್ತೋಲೆ ಬಂತು. ಗೇರಿಲ್ಲದ ಗಾಡಿಗೇ ಬೇಡಿಕೆ ಜಾಸ್ತಿಯಾದ್ದರಿಂದ ಗೇರಿನ ಗಾಡಿಗಳನ್ನು ಸದ್ಯಕ್ಕೆ ತಯಾರಿಸುವುದಿಲ್ಲ. ಅವಳು ಅದನ್ನು ಎರಡೆರಡು ಸಲ ಓದಿದಳು. ಅದೇ ವಾರ ಬಸ್ಸಿನವರ ದನಿ ಇಳಿದಿತ್ತು.

"ಮನೆಯವಳು ಟ್ಯಾಕ್ಸಿ ಹತ್ತೋವಾಗ ಜಾರಿಬಿಟ್ಲು ಮೇಡಂ. ಮೂಳೆಗೇನೂ ಆಗಿಲ್ಲ, ಧೈರ್ಯ ಹೋಗಿದೆ. ಆಸ್ಪತ್ರೆಗೆ ವ್ಯಾಯಾಮಕ್ಕೆ ಹೋಗ್ಬೇಕು, ಹೋಗಲ್ಲ ಅಂತ ಹಟ ಹಿಡಿದು ಕೂತಿದಾಳೆ. ನಮ್ಮ ಗಾಡಿ ಬಂದ ಮೇಲೇನೇ ಹೊರಗೆ ಕಾಲಿಡೋದಂತೆ." ಆಮೇಲೆ ಕೇಳಿದರು. "ಇನ್ನು ತುಂಬ ದಿನ ಹಿಡಿಯುತ್ತಾ?"

ಅವಸರವಿಲ್ಲ ಎಂಬ ಮಾತು ಆ ದಿನ ಬರಲಿಲ್ಲ. ಅವಳು ನೋಡುತ್ತೇನೆಂದು ಹೇಳಿ ಫೋನಿಟ್ಟಳು.

ಆಮೇಲೆ ಅವಳು ಸುಮ್ಮನೆ ಕೂರಲಿಲ್ಲ. ಬೇರೆ ಬೇರೆ ಊರುಗಳ ಶೋರೂಮುಗಳಲ್ಲಿ ತನ್ನದೇ ಕೆಲಸ ಮಾಡುವವರಿಗೆಲ್ಲ ಫೋನು ಮಾಡಿದಳು. ಕೊನೆಗೆ ಒಬ್ಬನ ಗೋದಾಮಿನಲ್ಲಿ ಅಂಥದೇ ಗಾಡಿ ಇದೆಯೆಂದು ತಿಳಿಯಿತು. ಅವನು ಒಳ್ಳೆಯ ವ್ಯಾಪಾರಿ. "ಕೊಡ್ತೀನಿ. ಗೇರಿಲ್ಲದ ಬಿಳಿ ಗಾಡಿ ಎರಡು ಕಳಿಸಿ" ಎಂದ. ಅದಕ್ಕೆ ಮ್ಯಾನೇಜರರ ಒಪ್ಪಿಗೆ ಬೇಕಿತ್ತು. ಅವಳು ಕೆಳಗಿಳಿದು ಹೋಗಿ ನಡೆದದ್ದನ್ನು ಹೇಳಿದಳು.

ಮ್ಯಾನೇಜರು ಕನ್ನಡಕ ತೆಗೆದರು. "ಸರದಿ ತಪ್ಪಿಸಿದ್ರಾ? ನೀವಾ?"

"ಹೌದು ಸಾರ್."

"ಆ ಬಟ್ಟೆ ಅಂಗಡಿಯವನು ಏನಾದ್ರೂ..."

"ಅವರಿಗೆ ಏನೂ ಗೊತ್ತಿಲ್ಲ. ತಪ್ಪು ನಂದು."

"ಮತ್ತೆ ಈಗ ಎರಡು ಕೊಟ್ಟು ಒಂದು ತರಿಸ್ಬೇಕು ಅಂತೀರ. ಯಾರ್ರೀ ಅವರು ಬಸ್ಸಿನವರು, ನಿಮಗೆ ಏನಾಗ್ಬೇಕು?"

"ಏನೂ ಆಗ್ಬೇಕಿಲ್ಲ ಸಾರ್" ಎಂದಳು. ಆ ಮಾತು ಎಷ್ಟು ನಿಜ ಎಂಬುದು ಬಾಯಿಂದ ಹೊರಬಿದ್ದ ಮೇಲೆ ಅವಳಿಗೆ ತಟ್ಟಿತು.

ಮ್ಯಾನೇಜರು ಗೊಣಗುತ್ತಲೇ ಸಹಿ ಹಾಕಿದರು. ಇನ್ನು ಮುಂದೆ ಹಂಚಿಕೆಯನ್ನು ತಾವೊಮ್ಮೆ ನೋಡಿದ ಮೇಲೇ ಪಕ್ಕಾ ಮಾಡಬೇಕು ಎಂದರು. ಅದು ಅವಳಿಗೆ ಕೆನ್ನೆಗೆ ಹೊಡೆದಂತಿತ್ತು, ಆದರೂ ತಲೆಯಾಡಿಸಿದಳು.

ಗಾಡಿ ಬಂದ ದಿನ ಮೊದಲ ಬಾರಿಗೆ ಅವಳೇ ಅವರಿಗೆ ಫೋನು ಮಾಡಿದಳು. ಸುದ್ದಿ ಕೇಳಿ ಬಸ್ಸಿನವರು ಫೋನು ಕಿವಿಯಿಂದ ತೆಗೆದು, "ಲೇ, ಬಂತಂತೆ ಕಣೇ" ಎಂದು ಒಳಗೆ ಕೂಗಿದ್ದು ಕೇಳಿಸಿತು. ಅಲ್ಲಿಗೇ ನಿಲ್ಲಿಸಬಹುದಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ.

"ಸಾರ್, ಇನ್ನೊಂದು ಮಾತಿದೆ. ನಿಮ್ಮ ಸರದಿ ಹೋದ ಸಲವೇ ಬಂದಿತ್ತು. ಗಾಡಿನೂ ಬಂದಿತ್ತು. ನಾನದನ್ನ ಬೇರೆಯವರಿಗೆ ಕೊಟ್ಟೆ."

"ಯಾಕೆ?"

"ಗಾಡಿ ಸಿಕ್ಕಿದ ಮೇಲೆ ನೀವು ಫೋನ್ ಮಾಡಲ್ಲ ಅಂತ."

ಆ ಕಡೆ ಟೀವಿಯಲ್ಲಿ ಯಾರೋ ನಗುತ್ತಿದ್ದರು.

"ಅವಳು ಬಿದ್ದಿದ್ದು ಆಮೇಲೆ ಅಲ್ವಾ?" ಎಂದರು ಕೊನೆಗೆ.

"ಹೌದು ಸಾರ್."

"ಗಾಡಿ ತಗೊಳ್ಳೋಕೆ ಯಾವಾಗ ಬರ್ಬೇಕು?"

ಅವಳು ದಿನ ಹೇಳಿದಳು. ಫೋನು ಕಟ್ಟಾಯಿತು. ಕ್ಷಮಿಸಿ ಎಂಬ ಮಾತು ಅವಳ ನಾಲಗೆಯ ತುದಿಯಲ್ಲೇ ಉಳಿಯಿತು.

ಗಾಡಿ ಕೊಡುವ ದಿನ ಅವಳು ಇಸ್ತ್ರಿ ಮಾಡಿದ ಬಟ್ಟೆಯುಟ್ಟು ಕೆಳಗೆ ಬಂದು ನಿಂತಳು. ದನಿ ಕೇಳಿ ದಪ್ಪನೆಯ ಮನುಷ್ಯನನ್ನು ಕಲ್ಪಿಸಿಕೊಂಡಿದ್ದಳು. ಬಂದವರು ಉದ್ದಕ್ಕೆ, ಕಡ್ಡಿಯಂತೆ ಇದ್ದರು. ಹೆಂಡತಿ ಕೋಲೂರಿಕೊಂಡು ಗಾಡಿಯ ಪಕ್ಕ ನಿಂತು ಸೀಟನ್ನು ಕೈಯಿಂದ ಒತ್ತಿ ನೋಡಿದರು. ಇವಳು ತಾನು ಯಾರೆಂದು ಹೇಳಿಕೊಂಡಾಗ ಆಕೆಯ ಮುಖ ಅರಳಿತು.

"ಫೋನಿನವರು ನೀವೇನಾ? ಇವರು ಮಾತಾಡುವಾಗ ನಾನು ಅಡುಗೆಮನೆಯಿಂದ ಕೇಳಿಸ್ಕೊಳ್ತಿದ್ದೆ. ನನ್ನ ಹತ್ರ ಒಂದು ದಿನ ಬಾಯಿ ಬಿಡದ ಕಥೆನೆಲ್ಲ ನಿಮಗೆ ಹೇಳೋರು. ಪುಣ್ಯ ನಿಮ್ಮದು, ಎಲ್ಲ ಕೇಳಿದ್ರಿ."

ಹೆಂಡತಿಗೆ ಅವರು ಏನನ್ನೂ ಹೇಳಿಲ್ಲವೆಂದು ಅವಳಿಗೆ ಗೊತ್ತಾಯಿತು. ಅವರತ್ತ ನೋಡಿದಳು. ಅವರು ಕನ್ನಡಿ ಸರಿಮಾಡುವುದರಲ್ಲಿ ಮಗ್ನರಾಗಿದ್ದರು. ಹೊರಡುವಾಗ ಕಿಟಕಿಯ ಗಾಜು ಇಳಿಸಿ, "ಬರ್ತೀವಿ ಮೇಡಂ" ಎಂದರು. ಬೆಕ್ಕಿನ ಮಾತು ಬರಲಿಲ್ಲ. ಗಾಡಿ ಗೇಟು ದಾಟಿ, ಎಡಕ್ಕೆ ತಿರುಗಿ ಮರೆಯಾಯಿತು.

ವಾರಗಳು ಕಳೆದವು. ಮಧ್ಯಾಹ್ನ ಫೋನು ಸದ್ದಾದಾಗೆಲ್ಲ ಬೇರೆ ಯಾರದೋ ದನಿ. ಕಂಪನಿ ಇನ್ನೊಂದು ಮಾದರಿ ಬಿಡುಗಡೆ ಮಾಡಿತು, ಅವಳು ಅದರ ಬಣ್ಣಗಳನ್ನು ವೆಬ್‌ಸೈಟಿಗೆ ಏರಿಸಿದಳು, ಸೇಲ್ಸ್ ಹುಡುಗರು ಮತ್ತೆ ಚಹಾ ತಂದಿಟ್ಟರು. ಹಂಚಿಕೆಯನ್ನು ಮ್ಯಾನೇಜರಿಗೆ ತೋರಿಸಿ ಸಹಿ ಪಡೆದಳು. ತಪ್ಪೊಂದೂ ಇರಲಿಲ್ಲ.

ಒಂದು ದಿನ ಅವಳು ಫೋನೆತ್ತಿದಾಗ, "ನಾನು ಬಸ್ಸಿನವನು" ಎಂಬ ದನಿ ಕೇಳಿತು.

"ಹೇಳಿ ಸಾರ್. ಚೆನ್ನಾಗಿದ್ದೀರಾ? ಮನೆಯವರು?"

"ಚೆನ್ನಾಗಿದೀವಿ. ಈಗ ಅವಳೇ ಬಾಗಿಲು ತೆಗೆದು ಕೂತ್ಕೋತಾಳೆ. ಆಸ್ಪತ್ರೆಗೂ ಹೋಗ್ತಿದೀವಿ." ಆಮೇಲೆ ವಿಷಯಕ್ಕೆ ಬಂದರು. "ಮೊದಲ ಸರ್ವಿಸ್ ಮಾಡಿಸ್ಬೇಕಿತ್ತು. ನಮ್ಮ ಹತ್ರ ಈ ನಂಬರೇ ಇದ್ದಿದ್ದು."

"ಅದು ಕೆಳಗಿನ ವಿಭಾಗ ಸಾರ್. ಅಲ್ಲಿಗೆ ಕೊಡಲಾ?"

ಅವರು ಏನೋ ಹೇಳುವವರಂತೆ ಉಸಿರೆಳೆದುಕೊಂಡರು. ಅವಳು ಕಾದಳು.

"ಕೊಡಿ ಮೇಡಂ" ಎಂದರು.

ಅವಳು ಗುಂಡಿ ಒತ್ತಿದಳು. ಕೆಳಗೆ ಫೋನಿನ ಗಂಟೆಯಾಗುವುದು ಕಿವಿಗೆ ಕೇಳುತ್ತಿತ್ತು. ಸರ್ವಿಸಿನ ಹೆಂಗಸು ಫೋನೆತ್ತಿ ನಮಸ್ಕಾರ ಹೇಳುವವರೆಗೂ ರಿಸೀವರನ್ನು ಹಾಗೇ ಹಿಡಿದುಕೊಂಡಿದ್ದು, ಆಮೇಲೆ ಮೆಲ್ಲಗೆ ಕೆಳಗಿಟ್ಟಳು.