ಬೆಂಚಿನ ಮೇಲಿನ ಡಬ್ಬಿಗಳು

ಅಣ್ಣ ತೀರಿಕೊಂಡ ಮೇಲೆ ಬೆಂಚು ಬಂತು. ಜತ್ತದ ನಮ್ಮ ಓಣಿಯಲ್ಲಿ ಅವನದೊಂದು ಹಿಟ್ಟಿನ ಗಿರಣಿ. ಸಣ್ಣ ಅಂಗಡಿಗಳ ಮುಂದಿನ ಜಾಗ ಚೆಂದ ಮಾಡಲು ನಗರಪರಿಷತ್ತು ಅನುದಾನ ಕೊಡುತ್ತದೆಂದು ಕೇಳಿ ಬದುಕಿದ್ದಾಗಲೇ ಅರ್ಜಿ ಹಾಕಿದ್ದ. ಬೀಸಲು ಬರುವ ಹೆಣ್ಣುಮಕ್ಕಳು ನೆಲದ ಮೇಲೆ ಕೂಡುತ್ತಾರೆ, ಅವರಿಗೊಂದು ಬೆಂಚು ಆಗಲಿ ಎನ್ನುವುದು ಅವನ ಆಸೆಯಾಗಿತ್ತು.

ಗೋಡೆಗೆ ಬಣ್ಣ ಬಂತು. ದೀಪದ ಕಂಬ ಬಂತು. ಗಿರಣಿಯ ಗೋಡೆಯ ನೆರಳಿನಲ್ಲಿ ಕಬ್ಬಿಣದ ಬೆಂಚನ್ನು ಸಿಮೆಂಟು ಹಾಕಿ ಕೂಡಿಸಿ ಹೋದರು. ನಾನು ಪತ್ರಿಕೆಗೆ ಸುದ್ದಿ ಕಳಿಸುವವನು. ಓಣಿಗೆ ಕಳೆ ಬಂದಿದೆ ಎಂದು ಬರೆದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಬರೆಯುವಾಗ ಅಣ್ಣನ ನೆನಪಾಯಿತು. ಆದರೆ ಏನೂ ಅನ್ನಿಸಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದಕ್ಕೂ ಏನೂ ಅನ್ನಿಸುತ್ತಿರಲಿಲ್ಲ.

ಗಿರಣಿಯನ್ನು ಈಗ ವೈನಿ, ಅಂದರೆ ಅಣ್ಣನ ಹೆಂಡತಿ, ನಡೆಸುತ್ತಿದ್ದರು. ಮನೆಯಲ್ಲಿ ಅವರು ಮಾತೇ ಆಡುತ್ತಿರಲಿಲ್ಲ. ತಟ್ಟೆ ಇಡುವುದು, ತಟ್ಟೆ ತೆಗೆಯುವುದು, ಅಷ್ಟೇ. ಗಿರಣಿಯಲ್ಲಿ ಮಾತ್ರ ಅವರ ದನಿ ಕೇಳುತ್ತಿತ್ತು. ಜೋಳದ ಡಬ್ಬಿ ತಂದ ಹೆಂಗಸರು ಅದನ್ನು ಬಾಗಿಲ ಬಳಿ ಪಾಳಿಗಿಟ್ಟು, ಗೋಡೆಯ ನೆರಳಿಗೆ ಕಾಲು ಚಾಚಿ ಕೂಡುತ್ತಿದ್ದರು. ವೈನಿ ಕಿಟಕಿಯಿಂದ, ಅವರು ನೆಲದಿಂದ, ನಡುವೆ ಯಂತ್ರದ ಸದ್ದು. ಎಲ್ಲರೂ ಕೂಗಿಯೇ ಮಾತಾಡಬೇಕು. ಡಬ್ಬಿ ಇಟ್ಟವಳು ಮನೆಗೆ ಹೋಗಿ ಅಡಿಗೆ ಮುಗಿಸಿ ಬಂದರೂ ಅವಳ ಪಾಳಿ ಅವಳದೇ. ಪಾಳಿಗಿಟ್ಟ ಡಬ್ಬಿಯನ್ನು ನಮ್ಮ ಓಣಿಯಲ್ಲಿ ಯಾರೂ ಸರಿಸುವುದಿಲ್ಲ.

ಬೆಂಚು ಬಂದ ಮೇಲೆ ಅದರ ಮೇಲೆ ಗಂಡಸರು ಕೂತರು. ನಿವೃತ್ತ ಬಸ್ ಡ್ರೈವರ್ ಒಬ್ಬರು ಬೆಳಿಗ್ಗೆಯೇ ಬಂದು ಫೋನು ಹಿಡಿಯುತ್ತಿದ್ದರು. ಅವರ ಹಿಂದೆ ಉಳಿದವರು.

"ಅಕ್ಕಾರ, ಗಿರಣಿ ಸ್ವಲ್ಪ ಬಂದ್ ಮಾಡ್ರಲಾ, ಫೋನಿನ್ಯಾಗ ಏನೂ ಕೇಳಸವಲ್ದು," ಎಂದರು ಡ್ರೈವರ್ ಒಂದು ದಿನ.

"ಗಿರಣಿ ಬಂದ್ ಮಾಡಿದ್ರ ಮನ್ಯಾಗ ಫೋನ ಬೇಯಿಸಿ ತಿಂತೀರೇನ್ರಿ?" ಎಂದರು ವೈನಿ.

ಗಂಡಸರು ನಕ್ಕರು. ಎದ್ದು ಹೋಗಲಿಲ್ಲ.

ಹೆಂಗಸರು ಬೆಂಚಿನ ಮೇಲೆ ಕೂಡಲಾರರು, ಗಂಡಸರ ಕಾಲ ಬುಡದಲ್ಲಿ ನೆಲಕ್ಕೂ ಕೂಡಲಾರರು. ಡಬ್ಬಿ ಇಟ್ಟು ಮನೆಗೆ ಹೋಗತೊಡಗಿದರು. ಆಮೇಲೆ ಕೆಲವರು ಡಬ್ಬಿಯನ್ನೇ ಬೇರೆ ಗಿರಣಿಗೆ ಒಯ್ದರು. ನೆರಳು ಇದ್ದಲ್ಲೇ ಇತ್ತು, ಕೂಗಿ ಮಾತಾಡುವವರು ಇರಲಿಲ್ಲ. ವೈನಿ ಗಿರಣಿಯಲ್ಲೂ ಸುಮ್ಮನಾದರು.

ಒಂದು ಸಂಜೆ ಊಟಕ್ಕಿಡುತ್ತ ಹೇಳಿದರು: "ತಮ್ಮಾ, ಗಿರಣಿ ಮಾರೂಣು. ನಾ ತಿಕೋಂಡಿಗಿ ಹೋಗ್ತೀನಿ, ತವರಿಗಿ. ಹೆಣ್ಮಕ್ಕಳ ಬರೂದಿಲ್ಲಂದ್ರ ನಾ ಯಾರ ಸಲುವಾಗಿ ಬಾಗಿಲಾ ತಗೀಲಿ?"

"ಬೆಂಚ ಕೀಳಸೂಣೇನು?" ಎಂದೆ.

"ನಿಮ್ಮಣ್ಣ ಬೇಡಿದ್ದಲಾ ಅದು," ಎಂದು ಅವರು ಒಳಗೆ ಹೋದರು.

ಮರುದಿನ ಪರಿಷತ್ತಿನ ಕಚೇರಿಗೆ ಹೋಗಿ ಕೇಳಿದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಉತ್ತರಿಸಿದರು. ಬೆಂಚು ಸಾರ್ವಜನಿಕರದು, ಯಾರು ಕೂಡಬೇಕೆಂದು ಹೇಳುವ ನಿಯಮ ಇಲ್ಲ, ಕೆಲಸ ಆದದ್ದಕ್ಕೆ ಫೋಟೊ ತೆಗೆಯಲು ಬರುತ್ತೇವೆ ಎಂದರು. ಸರಿ ಎಂದು ಬಂದೆ.

ಫೋಟೊಕ್ಕೆ ಬರುವ ದಿನ ಓಣಿಗೆ ನೀರು ಹೊಡೆದರು. ಪರಿಷತ್ತಿನ ಸಾಹೇಬರು ಬಂದಾಗ ಬೆಂಚಿನ ಮೇಲಿದ್ದವರೆಲ್ಲ ಎದ್ದು ನಿಂತು ನಮಸ್ಕಾರ ಮಾಡಿದರು. ಬಣ್ಣದ ಗೋಡೆಯ ಮುಂದೆ ಸಾಹೇಬರ ಎಡಬಲಕ್ಕೆ ಸಾಲಾಗಿ ನಿಂತರು. ಅಷ್ಟರಲ್ಲಿ ಓಣಿಯ ಕೊನೆಯ ಮನೆಯ ಮುದುಕಿ ಡಬ್ಬಿ ಹೊತ್ತು ಬಂದಳು. ನೆಲವೆಲ್ಲ ರಾಡಿ. ಅತ್ತಿತ್ತ ನೋಡಿ ಡಬ್ಬಿಯನ್ನು ಬೆಂಚಿನ ಮೇಲಿಟ್ಟಳು. ಅವಳ ಹಿಂದೆ ಬಂದವಳು ತನ್ನದನ್ನು ಅದರ ಪಕ್ಕಕ್ಕಿಟ್ಟಳು. ಫೋಟೊ ಮುಗಿದು ಸಾಹೇಬರ ಜೀಪು ಹೊರಡುವಷ್ಟರಲ್ಲಿ ಬೆಂಚು ಈ ತುದಿಯಿಂದ ಆ ತುದಿಗೆ ತುಂಬಿತ್ತು.

ಡ್ರೈವರ್ ಬಂದು ನಿಂತರು. ಒಂದು ಡಬ್ಬಿಯ ಹಿಡಿಕೆಗೆ ಕೈ ಹಾಕಿದರು.

"ಕಾಕಾರ, ಮುಟ್ಟಬ್ಯಾಡ್ರಿ. ಪಾಳಿ ಐತಿ," ಕಿಟಕಿಯಿಂದ ವೈನಿಯ ದನಿ.

"ಒಂದ ಸ್ವಲ್ಪ ಸರಸ್ತೀನವಾ. ಕುಂದ್ರಾಕ ಜಾಗಾ ಬ್ಯಾಡೇನು?"

"ಸರಸ್ರಿ. ನಿಮ್ಮ ಕೈಯಾಗಿಂದು ನಿಮ್ಮ ಮನೀ ಡಬ್ಬೀನ. ಕಾಕೂಗ ನೀವ ಹೇಳ್ರಿ ಮತ್ತ, ಪಾಳಿ ಯಾಕ ತಪ್ಪಿತಂತ."

ಹೆಂಡತಿಯ ಮಾತು ಬಂದದ್ದೇ ಅವರು ಕೈ ತೆಗೆದರು. "ಅದಕ್ಕ ಈ ಬಣ್ಣದ ಡಬ್ಬಿ ಎಲ್ಲೋ ನೋಡೀನಿ ಅನಸ್ತು," ಎಂದು ಅವರನ್ನು ಅಣಕಿಸುತ್ತ ಮುದುಕಿ ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಡ್ರೈವರ್ ಚಹದಂಗಡಿಯ ಕಡೆ ನಡೆದರು. ಉಳಿದವರೂ ಹೋದರು. ಬಿಸಿಲಿಗೆ ರಾಡಿ ಒಣಗುವುದನ್ನೂ ಕಾಯದೆ ಮುದುಕಿ ಒಂದು ಗೋಣಿಚೀಲ ಹಾಸಿಕೊಂಡು ಬೆಂಚಿನ ಮುಂದೆ ನೆಲಕ್ಕೆ ಕೂತಳು.

ಮರುದಿನ ಬೆಳಿಗ್ಗೆ ವೈನಿ ಮನೆಯ ಖಾಲಿ ಡಬ್ಬಿಗಳನ್ನೆಲ್ಲ ತೆಗೆದರು. ಗಂಡಸರು ಬರುವ ಮೊದಲೇ ಇಬ್ಬರೂ ಹೊತ್ತುಕೊಂಡು ಹೋಗಿ ಬೆಂಚಿನ ಮೇಲೆ ಸಾಲಾಗಿ ಇಟ್ಟೆವು. ಹೆಂಗಸರು ಬಂದಂತೆ ನಮ್ಮ ಡಬ್ಬಿ ಒಂದೊಂದೇ ಕೆಳಗಿಳಿಯಿತು, ಅವರದು ಮೇಲೆ ಹೋಯಿತು. ಈಗಲೂ ದಿನಾ ಹಾಗೆಯೇ. ಅಣ್ಣ ಅವರಿಗಾಗಿ ಬೇಡಿದ ಬೆಂಚಿನ ಮೇಲೆ ಅವರು ಒಬ್ಬರೂ ಕೂತಿಲ್ಲ.

ತಿಕೋಂಡಿಯ ಮಾತನ್ನು ವೈನಿ ಮತ್ತೆ ತೆಗೆದಿಲ್ಲ. ಮನೆಯಲ್ಲಿ ಇನ್ನೂ ಮಾತು ಕಡಿಮೆಯೇ. ಆ ಬೆಳಿಗ್ಗೆ ಕೊನೆಯ ಡಬ್ಬಿ ಇಟ್ಟು ನಾನು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ. ಗಿರಣಿ ಶುರುವಾಯಿತು. ನೆಲದ ಮೇಲಿನಿಂದ ಮುದುಕಿ ಏನೋ ಕೂಗಿದಳು. ಸದ್ದಿನಲ್ಲಿ ನನಗೆ ಕೇಳಲಿಲ್ಲ. ವೈನಿ ಹಿಟ್ಟು ಮೆತ್ತಿದ ಮುಖವನ್ನು ಕಿಟಕಿಯಿಂದ ಹೊರಗೆ ಹಾಕಿ, "ಏನಂದಿ? ಇನ್ನೊಮ್ಮಿ ಹೇಳು," ಎಂದರು.